ನಮ್ಮ ಅಂಗಳದ ಮಳೆನೀರು

ಕೊಡಗಿನಲ್ಲಿ ಹುಟ್ಟಿದ ಕಾವೇರಿ 2004ರಿಂದ ವೀರಾಣಂ ಕೆರೆಯ ಕೊಳವೆಗಳಲ್ಲಿ ಚೆನ್ನೈಗೂ ಬರುತ್ತಿದ್ದಾಳೆ. ತವರಿನ ನೀರೆಂದು ನಾವು ಹಿಗ್ಗುವುದುಂಟು. ಆದರೆ ದೂರದ ನೀರನ್ನೇ ನಂಬಿದರೆ ಸಾಲದೆಂದು 2019ರ ಬೇಸಗೆ ಕಲಿಸಿತು. ಪುಳಲ್, ಚೆಂಬರಂಬಾಕ್ಕಂ ಕೆರೆಗಳು ಬತ್ತಿ, ಜುಲೈಯಲ್ಲಿ ಜೋಲಾರಪೇಟೆಯಿಂದ ರೈಲಿನಲ್ಲಿ ನೀರು ತರಿಸಬೇಕಾಯಿತು.

ತಮಿಳುನಾಡು ಸರ್ಕಾರವು ಕಟ್ಟಡಗಳಿಗೆ ಮಳೆನೀರಿನ ಸಂಗ್ರಹವನ್ನು 2003ರಲ್ಲೇ ಕಡ್ಡಾಯ ಮಾಡಿದೆ. ಕಾನೂನು ಇಂಗುಗುಂಡಿ ತೋಡಿಸೀತು. ಅದರ ಹೂಳು ತೆಗೆಯಬೇಕಾದವರು ನಾವೇ. ಅಕ್ಟೋಬರಿನಲ್ಲಿ ಹಿಂಗಾರು ಹಿಡಿಯುವ ಮುನ್ನ ತಾರಸಿ ಗುಡಿಸಿ, ಗುಂಡಿಯ ಮರಳು ಜಲ್ಲಿಗಳನ್ನು ತೊಳೆದಿಡೋಣ. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಡೋಣ. ಬಚ್ಚಲ ನೀರು ಗುಂಡಿಗೆ ಸೇರದಂತೆ ನೋಡಿಕೊಳ್ಳೋಣ. ನಮ್ಮ ಅಂಗಳದಲ್ಲಿ ಇಂಗಿದ ನೀರೇ ನೆರೆಯವರ ಬಾವಿಗೂ ಹರಿಯುವುದಲ್ಲವೆ?