ಕಂಬಳಿಗೆ ಕತ್ತರಿ ಹಾಕುವ ಮುನ್ನ

ಟ್ರಂಕಿನ ತಳ ಸೇರಿದ ಹಳೆಯ ಉಣ್ಣೆ ಕಂಬಳಿಗೆ ಸಾಮಾನ್ಯವಾಗಿ ಎರಡೇ ಗತಿ: ನುಸಿಯ ಬಾಯಿ, ಇಲ್ಲವೇ ಬಾಗಿಲ ಬಳಿಯ ಕಾಲೊರಸು. ಅದರಿಂದ ಜಾಕೆಟ್ ಹೊಲಿಸಬಹುದು ಎಂದರೆ, ಗತಿಯಿಲ್ಲದವರ ಉಪಾಯ ಎಂದು ಮೂಗು ಮುರಿಯುವವರು ಉಂಟು. ಉಣ್ಣೆಯ ಸ್ವಭಾವ ಬಲ್ಲವರು ಹಾಗೆನ್ನಲಾರರು. ಉಣ್ಣೆಯ ಎಳೆಯ ಮೇಲೆ ಬರಿಗಣ್ಣಿಗೆ ಕಾಣದ ಹುರುಪೆಗಳಿರುತ್ತವೆ. ನೀರು, ಬಿಸಿ, ತಿಕ್ಕಾಟ ಮೂರೂ ಕೂಡಿದಾಗ ಅವು ಒಂದನ್ನೊಂದು ಕಚ್ಚಿಕೊಂಡು ಬಟ್ಟೆ ಕುಗ್ಗುತ್ತದೆ, ದಟ್ಟವಾಗುತ್ತದೆ. ವರ್ಷಗಟ್ಟಲೆ ಹೊದ್ದು, ಒಗೆದು, ಒಣಗಿಸಿದ ಕಂಬಳಿ ಕುಗ್ಗಬೇಕಾದ್ದರಲ್ಲಿ ಬಹುಪಾಲು ಕುಗ್ಗಿ ಮುಗಿಸಿರುತ್ತದೆ. ಹೊಲಿದ ಮೇಲೆ ಅಳತೆ ಕೆಡುವ ಭಯ ಹೊಸ ಬಟ್ಟೆಗಿಂತ ಅದರಲ್ಲಿ ಕಡಿಮೆ. ಹಾಗಾಗಿ ಹಳತಾಗಿರುವುದೇ ಇಲ್ಲಿ ಗುಣ. ಒಂದೇ ಒಂದು ಕರಾರು: ಕತ್ತರಿ ಕಡಿಮೆ ಓಡಬೇಕು, ಓಡಿದಲ್ಲಿ ನೇರವಾಗಿ ಓಡಬೇಕು.

ಕಂಬಳಿಯನ್ನು ಉಡುಪಾಗಿಸಿದ ಜನರೆಲ್ಲ ಈ ಕರಾರನ್ನು ಪಾಲಿಸಿದ್ದಾರೆ. ನಮ್ಮ ಮಲೆನಾಡಿನ ಕಂಬಳಿಕೊಪ್ಪೆಗೆ ಕತ್ತರಿಯೂ ಬೇಡ, ಸೂಜಿಯೂ ಬೇಡ. ಮಡಿಕೆಯೊಂದನ್ನು ತಲೆಗೇರಿಸಿಕೊಂಡರೆ ಮಳೆಯಲ್ಲಿ ಗದ್ದೆಗಿಳಿಯಲು ಅದೇ ಟೊಪ್ಪಿ, ಅದೇ ಅಂಗಿ. ಕೆನಡಾದ ಕೊರೆಯುವ ಚಳಿಯಲ್ಲಿ ಮೇಟಿ ಜನರೂ ಮೂಲನಿವಾಸಿಗಳೂ ತುಪ್ಪಳದ ವ್ಯಾಪಾರಿಗಳೂ ತೊಟ್ಟ ‘ಕಪೋಟ್’ ಎಂಬ ನಿಲುವಂಗಿ ಇದರ ಮುಂದಿನ ಹೆಜ್ಜೆ. 1670ರಲ್ಲಿ ಹುಟ್ಟಿದ ಹಡ್ಸನ್ಸ್ ಬೇ ಕಂಪನಿ, ಇಂಗ್ಲೆಂಡಿನಲ್ಲಿ ನೇಯ್ದ ದಪ್ಪ ಕಂಬಳಿಗಳನ್ನು 18ನೇ ಶತಮಾನದಿಂದ ಅಲ್ಲಿ ಮಾರುತ್ತಿತ್ತು. ಅವುಗಳ ಅಂಚಿನಲ್ಲಿ ನೇಯ್ದ ಪುಟ್ಟ ಗೆರೆಗಳು ಕಂಬಳಿಯ ಅಳತೆ ಹೇಳುತ್ತಿದ್ದವು. ಕಪೋಟ್‌ನಲ್ಲಿ ಕಂಬಳಿಯ ಬಣ್ಣದ ಪಟ್ಟೆಗಳು ಅಂಗಿಯ ಕೆಳ ಅಂಚಿಗೂ ತೋಳಿನ ತುದಿಗೂ ಬರುತ್ತಿದ್ದವು. ಗುಂಡಿಗಳ ಬದಲು ನಡುಪಟ್ಟಿಯೇ ಎಲ್ಲವನ್ನೂ ಹಿಡಿದಿಡುತ್ತಿತ್ತು. ಒಳ್ಳೆಯ ಬಟ್ಟೆಯನ್ನು ಹಾಳುಮಾಡದಿರುವ ಜಾಣತನವೇ ಅಲ್ಲಿ ಅಂದವಾಗಿ ಕಂಡಿತು.

ಅಳತೆಯ ಲೆಕ್ಕವೂ ಇದನ್ನೇ ಹೇಳುತ್ತದೆ. 100 ಸೆಂಟಿಮೀಟರ್ ಎದೆ ಸುತ್ತಳತೆಯವರಿಗೆ, ಬಟ್ಟೆ ದಪ್ಪವಾದ್ದರಿಂದ 20 ಸೆಂಟಿಮೀಟರ್ ಸಡಿಲ ಬಿಟ್ಟು 120 ಅಗಲ, 70 ಉದ್ದದ ತುಂಡೊಂದು ಮೈಗೆ ಸಾಕು. 45 ಅಗಲ, 60 ಉದ್ದದ ಎರಡು ತುಂಡು ತೋಳಿಗೆ. ಹೊಲಿಗೆಗೆಂದು ಸ್ವಲ್ಪ ಹೆಚ್ಚು ಬಿಟ್ಟರೂ, 150ಕ್ಕೆ 200 ಸೆಂಟಿಮೀಟರಿನ ಕಂಬಳಿಯಲ್ಲಿ ಕಾಲರಿಗೆ, ಜೇಬಿಗೆ ಧಾರಾಳವಾಗಿ ಉಳಿಯುತ್ತದೆ. ಈ ಉಳಿಕೆಯೇ ಹಳೆ ಕಂಬಳಿಯ ಆಸ್ತಿ, ಏಕೆಂದರೆ ಸವೆದ ಜಾಗವನ್ನು ಅದರಿಂದಲೇ ತಪ್ಪಿಸಬಹುದು. ಕತ್ತರಿಸುವ ಮೊದಲು ಒಗೆದು ಒಣಗಿಸಿ ಬೆಳಕಿಗೆ ಹಿಡಿದರೆ ತೆಳುವಾದ ಕಡೆಗಳು ಜರಡಿಯಂತೆ ಕಾಣುತ್ತವೆ. ಅಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ, ಗಟ್ಟಿ ಭಾಗವನ್ನು ಹೆಗಲಿಗೂ ಮೊಣಕೈಗೂ ಇಡಬೇಕು. ನೇಯ್ದ ಅಂಚು ಎಳೆ ಬಿಡುವುದಿಲ್ಲ. ಅದನ್ನು ಮುಂಭಾಗದ ತೆರಪಿಗೆ ಇಟ್ಟುಕೊಂಡರೆ ಮಡಚುವ ಕೆಲಸವೇ ತಪ್ಪುತ್ತದೆ.

ಹೆಚ್ಚಿನ ಕಂಬಳಿ ಜಾಕೆಟ್ಟುಗಳು ಕೆಡುವುದು ಹೊಲಿಗೆಯಲ್ಲಿ. ಅಂಗಿಗೆ ಮಾಡುವಂತೆ ಅಂಚನ್ನು ಎರಡು ಸಲ ಮಡಚಿದರೆ ಕಂಬಳಿಯ ಮೂರು ಪದರ ಒಂದರ ಮೇಲೊಂದು ಕೂತು ಹಗ್ಗದಂತೆ ಉಬ್ಬುತ್ತದೆ. ಅದರ ಬದಲು ಕತ್ತರಿಸಿದ ಅಂಚಿಗೆ ಹತ್ತಿಯ ಓರೆಪಟ್ಟಿ ಸುತ್ತಬೇಕು. ಜೋಡಿಸಿದ ಕಡೆ ಒಳಗಿನ ಅಂಚುಗಳನ್ನು ಎರಡೂ ಬದಿಗೆ ಬಿಡಿಸಿ, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಬೇಕು. ಯಂತ್ರಕ್ಕೆ ದಪ್ಪ ಸೂಜಿ, ಉದ್ದ ಹೊಲಿಗೆ. ಮೊದಲು ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿಕೊಂಡರೆ ಪದರಗಳು ಜಾರುವುದಿಲ್ಲ. ಆದರೆ ಕಂಬಳಿ ನಿಜಕ್ಕೂ ಉಣ್ಣೆಯದೇ ಎಂದು ತಿಳಿಯದೆ ಇಸ್ತ್ರಿ ಮುಟ್ಟಿಸಬಾರದು. ಒಂದು ಎಳೆ ಕಿತ್ತು ಬೆಂಕಿಗೆ ಹಿಡಿದರೆ ಉಣ್ಣೆ ಕೂದಲು ಸುಟ್ಟ ವಾಸನೆ ಬಿಟ್ಟು ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಚುಚ್ಚುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ದಖ್ಖನಿ ಕುರಿಯ ಉಣ್ಣೆ ಒರಟು. ಅದರಲ್ಲೂ ನೂಲಿಗೆ ಹುಣಸೆಬೀಜದ ಸರಿ ಬಳಿದು ನೇಯ್ದ ಕಂಬಳಿ ಇನ್ನಷ್ಟು ಬಿರುಸು. ಒಳಗೆ ಹತ್ತಿಯ ಲೈನಿಂಗ್ ಕೊಟ್ಟು, ಕುತ್ತಿಗೆ ತಾಕುವ ಕಾಲರಿನ ಒಳಮೈಗೂ ಮೆತ್ತನೆ ಬಟ್ಟೆ ಹಾಕಿದರೆ ಆ ದೂರು ನಿಲ್ಲುತ್ತದೆ. ರೆಡಿಮೇಡ್ ಜಾಕೆಟ್ ಅಗ್ಗಕ್ಕೆ ಸಿಗುವಾಗ ಈ ಶ್ರಮ ಏಕೆ ಎಂದೂ ಕೇಳಬಹುದು. ದರ್ಜಿಯ ಕೂಲಿ ಸೇರಿದರೆ ಹಣ ಉಳಿಯದೆಯೂ ಇರಬಹುದು, ಒಪ್ಪೋಣ. ಆದರೆ ಉಣ್ಣೆ ತನ್ನ ತೂಕದ ಸುಮಾರು ಶೇಕಡಾ 30ರಷ್ಟು ತೇವವನ್ನು ಹೀರಿಯೂ ಮೈಗೆ ಒದ್ದೆ ಎನಿಸುವುದಿಲ್ಲ. ಅಗ್ಗದ ಜಾಕೆಟ್‌ನ ಪಾಲಿಯೆಸ್ಟರಿಗೆ ಆ ಶಕ್ತಿ ಇಲ್ಲ. ಮಂಜು ಬೀಳುವ ಮಡಿಕೇರಿಯ ಬೆಳಗಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಉಳಿಯುವುದು ಎಲ್ಲಕ್ಕಿಂತ ಗಟ್ಟಿ ಆಕ್ಷೇಪ: ಕೈಮಗ್ಗದಲ್ಲಿ ಒಬ್ಬರು ಕುಳಿತು ನೇಯ್ದ ಕಂಬಳಿಗೆ ಕತ್ತರಿ ಹಾಕುವುದು ಸರಿಯೇ? ಇಡಿಯಾಗಿರುವ ಕಂಬಳಿಗೆ ಹಾಕುವುದು ಖಂಡಿತ ಸರಿಯಲ್ಲ. ಅದು ಹೊದಿಕೆಯಾಗಿ, ಕೊಪ್ಪೆಯಾಗಿಯೇ ಬಾಳಲಿ. ನಡುವೆ ಸವೆದು ಹರಿದು, ಸುತ್ತ ಮಾತ್ರ ಗಟ್ಟಿ ಉಳಿದಿರುವುದನ್ನು ಹೊದ್ದರೆ ಬೆನ್ನಿಗೆ ಗಾಳಿ ಹೊಡೆಯುತ್ತದೆ, ಮೂಲೆಗಿಟ್ಟರೆ ನುಸಿ ತಿನ್ನುತ್ತದೆ. ಆ ಗಟ್ಟಿ ಭಾಗವನ್ನು ಬಿಡಿಸಿ ಹೆಗಲಿಗೇರಿಸಿದರೆ ನೇಯ್ದವರ ದುಡಿಮೆ ಇನ್ನೂ ಹಲವು ಚಳಿಗಾಲ ಮೈಮೇಲಿರುತ್ತದೆ.