ಮುಸ್ಸಂಜೆಗೆ ‘ಹೌದು–ಅಲ್ಲ’ ಸಾಲದು

ಫ್ಲೋಕೋಡ್‌ನಂಥ ತಂತ್ರಾಂಶದಲ್ಲಿ ಫ್ಲೋಚಾರ್ಟ್ ಎಳೆದು ಮೈಕ್ರೊಕಂಟ್ರೋಲರ್ ನಡೆಸುವುದನ್ನು ಕಂಡರೆ ಸಿ ಭಾಷೆ ಬಲ್ಲ ಗೆಳೆಯರು ಮೂಗು ಮುರಿಯುತ್ತಾರೆ. ಸ್ವಿಚ್ ಒತ್ತಿ ಎಲ್‌ಇಡಿ ಉರಿಸುವಷ್ಟೇ ಆದರೆ ಅದು ಮಕ್ಕಳಾಟವೇ ಬಿಡಿ. ಎಲ್‌ಡಿಆರ್ ಜೋಡಿಸಿದಾಗ ನಿಜವಾದ ಪಾಠ ಶುರು.

ಎಲ್‌ಡಿಆರ್ 5 ವೋಲ್ಟ್ ಕಡೆಗೆ, 10 ಕಿಲೊ ಓಮ್ ರೆಸಿಸ್ಟರ್ ಗ್ರೌಂಡ್ ಕಡೆಗೆ ಇದ್ದರೆ ಬೆಳಕು ಹೆಚ್ಚಿದಂತೆ ನಡುವಿನ ವೋಲ್ಟೇಜ್ ಏರುತ್ತದೆ. 10 ಬಿಟ್‌ನ ಎಡಿಸಿ ಅದನ್ನು 0ಯಿಂದ 1023ರೊಳಗಿನ ಸಂಖ್ಯೆಯಾಗಿಸುತ್ತದೆ. ಡೈಮಂಡ್ ಬಾಕ್ಸ್‌ನಲ್ಲಿ ‘400ಕ್ಕಿಂತ ಕಡಿಮೆಯೇ?’ ಎಂದಷ್ಟೇ ಕೇಳಿದರೆ, ಮುಸ್ಸಂಜೆಯಲ್ಲಿ ರೀಡಿಂಗ್ 399, 401 ಎಂದು ಓಲಾಡಿ ದೀಪ ಪಟಪಟನೆ ಮಿನುಗುತ್ತದೆ. ಎರಡು ಡೈಮಂಡ್ ಇಡಿ: 380ಕ್ಕಿಂತ ಇಳಿದರೆ ಹೊತ್ತಿಸು, 450 ದಾಟಿದರೆ ಆರಿಸು. ನಡುವೆ ಇದ್ದಂತೆಯೇ ಇರಲಿ.

ವೈವಾದಲ್ಲೋ ಸಂದರ್ಶನದಲ್ಲೋ ‘ಈ 380 ಎಲ್ಲಿಂದ ಬಂತು?’ ಎಂದು ಕೇಳಬಹುದು. ಆದ್ದರಿಂದ ಒಂದು ಸಂಜೆ ಕುಳಿತು ನಿಮ್ಮದೇ ರೀಡಿಂಗ್ ಬರೆದುಕೊಳ್ಳಿ. ಹಾಂ, ದೀಪದ ಬೆಳಕು ಎಲ್‌ಡಿಆರ್ ಮೇಲೆ ಬೀಳದಂತೆ ಮರೆ ಮಾಡಿ. ಇಲ್ಲದಿದ್ದರೆ ಹೊತ್ತಿದ ದೀಪ ತನ್ನನ್ನು ತಾನೇ ಆರಿಸಿಕೊಂಡೀತು!