ಸಖತ್ ಬಿಸಿಲು, ಸಖತ್ ಸಿನಿಮಾ

ಹಿರಿಯೂರು ತಾಲ್ಲೂಕಿನ ಹರಿಯಬ್ಬೆ ಕಡೆ ಏಪ್ರಿಲ್ ಮಧ್ಯಾಹ್ನ ಬಸ್ಸಿಗೆ ಕಾದು ನಿಂತವರು ಬೆವರೊರೆಸಿಕೊಂಡು ಅನ್ನುವ ಮಾತು: ‘ಸಖತ್ ಬಿಸ್ಲು ಕಣಪ್ಪ.’ ಬಸ್ಸು ಹತ್ತಿದರೆ ಹಿಂದಿನ ಸೀಟಿನ ಕಾಲೇಜು ಹುಡುಗ ಮೊಬೈಲಿನಿಂದ ಕಣ್ಣೆತ್ತದೆ, ‘ಸಾಂಗು ಸಖತ್ತಾಗೈತೆ ಮಗಾ’ ಅನ್ನುತ್ತಾನೆ. ಅಲ್ಲಿ ಗೋಳು, ಇಲ್ಲಿ ಹೊಗಳಿಕೆ.

ಈ ಪದದ ಬೇರು ಪಾರಸಿಯ ‘ಸಖ್ತ್’. ಗಟ್ಟಿ, ಕಠಿಣ, ಬಿರುಸು ಎಂಬ ಅರ್ಥ. ‘ಖ’ ನೋಡಿ ಸಂಸ್ಕೃತದ ಸಖ, ಸಖಿಯರ ನೆಂಟಸ್ತಿಕೆ ಕಟ್ಟುವವರಿದ್ದಾರೆ. ಅದು ಬರೀ ಅಕ್ಷರದ ಹೋಲಿಕೆ. ಉರ್ದು, ಹಿಂದಿಗಳಲ್ಲಿ ಪದ ಇನ್ನೂ ಮುಖ ಸಡಿಲಿಸಿಲ್ಲ. ಮರಾಠಿಯಲ್ಲಿ ಕಠಿಣ ಸಜೆಗೆ ‘ಸಕ್ತಮಜುರಿ’ ಅನ್ನುತ್ತಾರೆ. ಹಾಸ್ಯಗಾರ ಜಾಕಿರ್ ಖಾನ್ ಮನೆಮಾತಾಗಿಸಿದ ‘ಸಖ್ತ್ ಲೌಂಡಾ’ ಕೂಡ ಹುಡುಗಿಯರ ಮುಂದೆ ಕರಗದ ಬಿಗುಮಾನದ ಹುಡುಗನೇ. ಮೆಚ್ಚುಗೆಯ ಮಾತಾಗಿ ಇದು ಹೀಗೆ ಮನೆಮನೆ ಹೊಕ್ಕಿದ್ದು ಕನ್ನಡದಲ್ಲಿ.

ಈ ಸೀಮೆಗೆ ಪಾರಸಿಯ ಹತ್ತಿರದ ಬಾಗಿಲು ಪಕ್ಕದ ಶಿರಾ. ಮೊದಲು ಬಿಜಾಪುರದವರ ಕೈಲಿತ್ತು, 1687ರಲ್ಲಿ ಮೊಗಲರ ಪಾಲಾಗಿ ಸುಬಾದ ಕೇಂದ್ರವಾಯಿತು. 1779ರಲ್ಲಿ ಹೈದರಾಲಿ ಚಿತ್ರದುರ್ಗದ ಕೋಟೆ ಹಿಡಿದ. ತಾಲ್ಲೂಕು, ಜಮಾಬಂದಿ, ದರಖಾಸ್ತು, ಖರಾಬು ಎಲ್ಲ ಪಾರಸಿ ಬಳಸುತ್ತಿದ್ದ ಆ ಆಡಳಿತಗಳ ಬಳುವಳಿ. ಪಹಣಿ ಹಿಡಿದು ಕಚೇರಿ ಮೆಟ್ಟಿಲು ಹತ್ತುವ ರೈತನಿಗೆ ಅವು ಈಗ ರಾಗಿಯಷ್ಟೇ ಸ್ವಂತ.

ಕಠಿಣವಾದದ್ದು ಸೊಗಸಾದದ್ದು ಹೇಗಾಯಿತು? ನನಗೆ ಅನುಮಾನ ಮಳೆಯ ಮೇಲೆ. ಸಖತ್ ಬಿಸಿಲು ಕಷ್ಟ, ಸಖತ್ ಚಳಿಯೂ ಕಷ್ಟ. ಆದರೆ ಬಯಲುಸೀಮೆಯವನು ‘ಸಖತ್ ಮಳೆ’ ಅಂದಾಗ ಬಿರುಸೂ ಇದೆ, ಖುಷಿಯೂ ಇದೆ. ವೇದಾವತಿಗೆ ಕಟ್ಟಿದ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಂಥ ನೆಲದಲ್ಲಿ ಹೊಲದ ಬದು ಕೊಚ್ಚುವ ಮಳೆಯನ್ನೂ ಮುಖ ಅರಳಿಸಿಯೇ ವರ್ಣಿಸುತ್ತಾರೆ. ಹೀಗೆ ಪದದ ಬಿರುಸು ಹಿಂದೆ ಸರಿದು ‘ಬಹಳ’ ಎಂಬ ಅರ್ಥವಷ್ಟೇ ಉಳಿದಿರಬೇಕು. ಆಮೇಲೆ ಅದು ಯಾವುದಕ್ಕೆ ಬೇಕಾದರೂ ಅಂಟಿತು. ‘ಭಯಂಕರ ಚೆನ್ನಾಗಿದೆ’ ಅನ್ನುವ ಜನಕ್ಕೆ ಇದೇನು ಹೊಸದಲ್ಲ. ಉತ್ತರ ಕರ್ನಾಟಕದ ‘ಖಡಕ್’ ಕೂಡ ರೊಟ್ಟಿಗೂ ಸೈ, ಚಹಾಕ್ಕೂ ಸೈ, ಅಧಿಕಾರಿಗೂ ಸೈ.

ಉಳಿದದ್ದನ್ನು ಬೆಂಗಳೂರು ಮಾಡಿತು. ಎಫ್‌ಎಂ ಕಾಲದಲ್ಲಿ ರೇಡಿಯೊ ಮಿರ್ಚಿ ‘ಸಖತ್ ಹಾಟ್ ಮಗಾ’ ಎಂದು ದಿನವಿಡೀ ಕೂಗಿತು. 2021ರಲ್ಲಿ ಸುನಿ ನಿರ್ದೇಶನದ, ಗಣೇಶ್ ನಟಿಸಿದ ಚಿತ್ರಕ್ಕೆ ‘ಸಖತ್’ ಎಂದೇ ಹೆಸರು. ಇದೇ ಗಣೇಶರ 2008ರ ಇನ್ನೊಂದು ಚಿತ್ರ ‘ಬೊಂಬಾಟ್’. ಆದರೆ ಬಳಕೆಯಲ್ಲಿ ಎರಡೂ ಸಮವಲ್ಲ. ಸಖತ್ ಬೇಜಾರು, ಸಖತ್ ಸಾಲ, ಸಖತ್ ಹೊಟ್ಟೆನೋವು ಎಲ್ಲವೂ ನಡೆಯುತ್ತವೆ. ಬೊಂಬಾಟ್ ಹೊಟ್ಟೆನೋವು ಅಂದರೆ ಡಾಕ್ಟರೂ ನಕ್ಕಾರು.